ಗಾಜಿನಲ್ಲಿ ಕಂಡ ನೀರು

ಎರಡು ನಕ್ಷೆಗಳೂ ಒಂದೇ ಮೇಲ್‌ನಲ್ಲಿ ಬಂದವು. ಎರಡರಲ್ಲೂ ಇದ್ದದ್ದು ಒಂದೇ ಭಾಗ: ಬಾಯ್ಲರಿನ ಹಿಂಬದಿಯ ತಗಡು, ಅದರಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ಕೂರಿಸಲು ಎರಡು ತೂತು. ಒಂದಕ್ಕಿಂತ ಇನ್ನೊಂದು ಎಂಟು ವರ್ಷ ಹೊಸದು. ಹೊಸದರಲ್ಲಿ ತೂತುಗಳು ತೊಂಬತ್ತು ಮಿಲಿಮೀಟರ್ ಕೆಳಗಿದ್ದವು. ನಾನು ಹಳೆಯದರ ಮೇಲೆ ರದ್ದಿನ ಕೆಂಪು ಮೊಹರು ಒತ್ತಿ ಕಪಾಟಿಗೆ ಸೇರಿಸಿದೆ, ಹೊಸದನ್ನು ಕೆಲಸಕ್ಕೆ ಕಳಿಸಿದೆ. ಇಷ್ಟಕ್ಕೆ ಹಿಡಿದದ್ದು ಎರಡು ನಿಮಿಷ. ಅದರಿಂದ ಆದದ್ದನ್ನು, ನಾನು ಕಂಡಷ್ಟನ್ನು, ಕಂಡ ಕ್ರಮದಲ್ಲೇ ಬರೆಯುತ್ತಿದ್ದೇನೆ.

ದುಬೈಯ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಬಂದ ಪ್ರತಿ ನಕ್ಷೆಗೆ, ಪರೀಕ್ಷಾ ವರದಿಗೆ, ಅನುಮತಿಗೆ ಸಂಖ್ಯೆ ಕೊಡುವುದು, ಸರಿಯಾದ ಪ್ರತಿ ಸರಿಯಾದ ಕೈಗೆ ಹೋಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದರ ಮೊದಲ ನಿಯಮ, ಒಂದು ಭಾಗಕ್ಕೆ ಒಂದೇ ನಕ್ಷೆ ಚಾಲ್ತಿಯಲ್ಲಿರಬೇಕು, ಅದು ತೀರ ಈಚಿನದಾಗಿರಬೇಕು. ಹಳೆಯದು ಹೊರಗೆ ಉಳಿದರೆ ಯಾರಾದರೂ ಅದನ್ನೇ ನೋಡಿ ಕಬ್ಬಿಣ ಕತ್ತರಿಸಿಬಿಡುತ್ತಾರೆ. ಟ್ಯಾಂಕು, ಪೈಪು, ನೀರು ತಂಪುಮಾಡುವ ಚಿಲ್ಲರುಗಳ ಕೆಲಸದಲ್ಲಿ ಈ ನಿಯಮ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಈ ಸಲದ ಕೆಲಸ ಬೇರೆ. ಬನಿಯಾಸ್ ಎಂಬ ಊರಿನಿಂದ ಆಚೆ ಒಬ್ಬ ಸಿರಿವಂತರ ಖಾಸಗಿ ತೋಟವಿದೆ. ಅತಿಥಿಗಳನ್ನು ಸುತ್ತಿಸಲು ಅಲ್ಲಿ ಹಳಿ ಹಾಕಿಸಿದ್ದರು. ಅದರ ಮೇಲೆ ಓಡಲು ಯುರೋಪಿನ ಒಂದು ಪಟ್ಟಣದ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಟ್ರಾಮ್ ಎಳೆಯುತ್ತಿದ್ದ ಹಬೆಯ ಇಂಜಿನ್ ಒಂದನ್ನು ಕೊಂಡು, ದುರಸ್ತಿಗೆಂದು ನಮ್ಮಲ್ಲಿಗೆ ಕಳಿಸಿದ್ದರು. ಇಂಜಿನ್ ಎಂದರೆ ಕಣ್ಣಿಗೆ ಬರುವ ರೂಪ ಅದಕ್ಕಿರಲಿಲ್ಲ. ಚಿಮಣಿಯೊಂದನ್ನು ಬಿಟ್ಟರೆ ಎಲ್ಲವೂ ತಗಡಿನ ಪೆಟ್ಟಿಗೆಯೊಳಗೆ. ಚಕ್ರ ಕಾಣದಂತೆ ನೆಲದವರೆಗೆ ಇಳಿಬಿಟ್ಟ ತಗಡು. ಚಾವಣಿಯ ಮೇಲೆ ತಾಮ್ರದ ಕೊಳವೆಗಳ ಸಾಲು.

"ಅಕ್ಕಾ, ಇದು ಇಂಜಿನಾ, ಕಪಾಟಿಗೆ ಚಕ್ರ ಇಟ್ಟದ್ದಾ?" ಎಂದು ಕೇಳಿದರು ನಮ್ಮ ಫೋರ್‌ಮನ್. ಅವರು ಉಳ್ಳಾಲದ ಕಡೆಯ ಬ್ಯಾರಿ. ನಾನು ದಾವಣಗೆರೆಯವಳು, ತುಳು ಬಾರದು. ಹಾಗಾಗಿ ನನ್ನ ಜೊತೆ ಅವರದು ಕನ್ನಡ.

ಆ ಜಾತಿಯ ಇಂಜಿನ್‌ಗಳ ಇತಿಹಾಸವನ್ನು ತೋಟದ ಬಾಗಿಲಲ್ಲಿ ಹಾಕುವ ಫಲಕಕ್ಕಾಗಿ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಹಾಗಾಗಿ ಉತ್ತರ ಗೊತ್ತಿತ್ತು. "ಬೀದಿಯಲ್ಲಿ ಕುದುರೆಗಳಿರುತ್ತಿದ್ದವು. ಅವು ಹೆದರಬಾರದು ಅಂತ ಚಕ್ರ ಮುಚ್ಚಿದ್ದಾರೆ. ಹಬೆಯೂ ಕಾಣಬಾರದು. ಅದು ಚಾವಣಿಯ ಕೊಳವೆಗೆ ಹೋಗಿ ತಣ್ಣಗಾಗಿ ನೀರಾಗುತ್ತೆ. ಹೊಗೆ ಬರಬಾರದು ಅಂತ ಕಲ್ಲಿದ್ದಲಿನ ಬದಲು ಕೋಕ್, ಅಂದರೆ ಮೊದಲೇ ಸುಟ್ಟು ಹೊಗೆ ತೆಗೆದ ಕಲ್ಲಿದ್ದಲು."

"ಕುದುರೆಗೆ ಇಷ್ಟು ಮರ್ಯಾದೆಯಾ! ನಮಗೆ ಈ ಶೆಡ್ಡಲ್ಲಿ ಒಂದು ನೆಟ್ಟಗಿನ ಫ್ಯಾನ್ ಇಲ್ಲ."

ಇಂಜಿನ್ ನಮ್ಮಲ್ಲಿಗೆ ಬಂದಾಗ ಅದರ ಗಾಜಿನ ಕೊಳವೆ ಇರಲಿಲ್ಲ, ಹಿಂಬದಿಯ ತಗಡು ತುಕ್ಕು ತಿಂದು ಜಾಳಾಗಿ ಹಳೆಯ ತೂತುಗಳ ಗುರುತೂ ಉಳಿದಿರಲಿಲ್ಲ. ಆ ತಗಡನ್ನು ಹೊಸದಾಗಿ ಮಾಡಬೇಕಿತ್ತು. ಮೇಲ್‌ನಲ್ಲಿ ಬಂದ ನಕ್ಷೆಗಳ ಸುದ್ದಿ ಫೋರ್‌ಮನ್‌ಗೂ ಮುಟ್ಟಿತ್ತು. "ಎರಡುಂಟಂತೆ. ಯಾವುದು ಹಿಡಿಯೋದು?" ಎಂದು ಕೇಳಲು ಬಂದರು.

"ಹೊಸದು. ಹಳೆಯದು ಕ್ಯಾನ್ಸಲ್."

"ಅಲ್ಲ, ಒಂದೇ ಸಾಮಾನಿಗೆ ತೊಂಬತ್ತು ಮಿಲ್ಲಿ ಯಾಕೆ ಫರಕು?"

"ಎಂಟು ವರ್ಷದಲ್ಲಿ ಸುಧಾರಿಸಿರ್ತಾರೆ."

"ಆಯ್ತು, ಕಾಗದ ನಿಮ್ಮದು, ಕಬ್ಬಿಣ ನಮ್ಮದು," ಎಂದು ನಕ್ಕು ಹೊಸ ನಕ್ಷೆಯನ್ನು ತೆಗೆದುಕೊಂಡು ಹೋದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೊಟ್ಟದ್ದು ಊಹೆ. ಅದನ್ನು ಊಹೆಯೆಂದು ನಾನು ಹೇಳಲಿಲ್ಲ.

ತಗಡು ತಯಾರಾಯಿತು, ಬೆಸುಗೆಯಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಬಾಯ್ಲರಿಗೆ ನೀರು ತುಂಬಿಸಿ ಒತ್ತಡ ಕೊಟ್ಟು ನೋಡಿದರು. ಒಂದು ಹನಿಯೂ ಸೋರಲಿಲ್ಲ. ತೂತುಗಳ ಎತ್ತರವನ್ನೂ ಅಳೆದು ನಕ್ಷೆಗೆ ಹೋಲಿಸಿದರು. ಸರಿಯಾಗಿಯೇ ಇತ್ತು. ಅವರ ಕೈಯಲ್ಲಿದ್ದದ್ದು ನಾನು ಕೊಟ್ಟ ನಕ್ಷೆ.

ಬೆಂಕಿ ಹಾಕಿ ಹಬೆ ಎಬ್ಬಿಸಲು ನಮ್ಮಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅರವತ್ತು ದಾಟಿದ ತುಳುವರು. ಮಂಗಳೂರಿನ ಹಂಚಿನ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ ಕಲಿತವರು. ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದು ದೊಡ್ಡ ಲಾಂಡ್ರಿಗಳ ಬಾಯ್ಲರ್ ನೋಡಿಕೊಂಡವರು. ಸತ್ವಾ ಬಡಾವಣೆಯ ಹಳೇ ವಿಲ್ಲಾವೊಂದರ ಕೋಣೆಯಲ್ಲಿ ನಾಲ್ವರ ಜೊತೆ ಇದ್ದರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ.

ಮೊದಲ ಹಬೆಯ ಹಿಂದಿನ ದಿನ ಅವರು ಟಾರ್ಚ್ ಹಿಡಿದು ಒಲೆಯ ಬಾಗಿಲೊಳಗೆ ನನಗೆ ತೋರಿಸಿದರು. "ನೋಡಿ ಮೇಡಂ, ಬೆಂಕಿಯ ಮೇಲೆ ಆ ತಗಡುಂಟಲ್ಲ, ಅದು ಒಲೆಯ ನೆತ್ತಿ. ಅದರ ಮೇಲೆ ಯಾವಾಗ್ಲೂ ನೀರು ಇರ್ಬೇಕು. ನೀರು ಹೋದ್ರೆ ತಗಡು ಕೆಂಪಾಗ್ತದೆ, ಮೆತ್ತಗಾಗ್ತದೆ, ಒಡೀತದೆ. ಒಡೆದ್ರೆ ಇಲ್ಲಿ ನಿಂತವರು ಯಾರೂ ಇಲ್ಲ."

"ನೀರು ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?"

"ಅದಕ್ಕೇ ಗಾಜು. ಗಾಜಿನ ಬುಡ ನೆತ್ತಿಗಿಂತ ಮೇಲೆ ಇರ್ತದೆ. ಗಾಜಲ್ಲಿ ಚೂರು ನೀರು ಕಂಡ್ರೂ ನೆತ್ತಿ ಮುಳುಗಿದೆ ಅಂತ ಲೆಕ್ಕ. ಆದ್ರೂ ಮನುಷ್ಯ ಅಲ್ವಾ, ಮರೀತಾನೆ. ಅದಕ್ಕೆ ನೆತ್ತಿಯ ಮಧ್ಯ ತೂತಿಗೆ ಬಿರಡೆ ಹಾಗೆ ಒಂದು ಸೀಸದ ಪ್ಲಗ್. ನೀರು ಹೋದ್ರೆ ಮೊದಲು ಅದು ಕರಗ್ತದೆ. ಮೇಲಿನ ಹಬೆ ಬೆಂಕಿಗೆ ಬಿದ್ದು ಬೆಂಕಿ ನಂದ್ತದೆ." ಟಾರ್ಚ್ ಆರಿಸಿ ಅಂದರು, "ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಪ್ಲಗ್ ಕರಗ್ಲಿಲ್ಲ."

ಮರುದಿನ ಗುರುವಾರ. ಬೆಳಿಗ್ಗೆ ಆರೂವರೆಗೆ ಬೆಂಕಿ ಹಾಕಿದರು. ಹತ್ತು ಹತ್ತು ನಿಮಿಷಕ್ಕೆ ಒತ್ತಡ ಎಷ್ಟು, ಗಾಜಿನಲ್ಲಿ ನೀರು ಎಷ್ಟು ಎಂದು ಬರೆದುಕೊಳ್ಳುವುದು ನನ್ನ ಪಾಲು. ಗಾಜು ಒಂದು ಗೇಣಿಗಿಂತ ತುಸು ಕಡಿಮೆ. ಶುರುವಿನಲ್ಲಿ ಮುಕ್ಕಾಲು ತುಂಬಿತ್ತು. ಅಣ್ಣ ಎರಡು ಸಲ ಗಾಜಿನ ಕೆಳಗಿನ ನಲ್ಲಿ ಬಿಟ್ಟು ತೊಳೆದರು. ನೀರು ಪೂರ್ತಿ ಇಳಿದು ಮತ್ತೆ ಚಿಮ್ಮಿ ಮೊದಲಿನ ಮಟ್ಟಕ್ಕೇ ಬಂತು. ದಾರಿಯಲ್ಲಿ ಕಸವಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಎರಡು ಸಲವೂ ನಾನು ಬರೆದುಕೊಂಡೆ.

ಒಂಬತ್ತೂವರೆಗೆ ಒತ್ತಡ ಪೂರ್ತಿ ಬಂತು. ಇಂಜಿನ್ ಶೆಡ್ಡಿನ ಹಳಿಯ ಮೇಲೆ ಹಿಂದೆ ಮುಂದೆ ಓಡಿತು. ಸೀಟಿ ಹಾಕಿತು. ಫೋರ್‌ಮನ್ ಶಿಳ್ಳೆ ಹೊಡೆದರು. ನೀರು ಅರ್ಧಕ್ಕೆ ಇಳಿಯಿತು, ಮೂರನೇ ಒಂದಕ್ಕೆ ಬಂತು. ಬಾಯ್ಲರಿಗೆ ಈಗ ತಣ್ಣೀರು ಬಿಟ್ಟರೆ ಒತ್ತಡ ಬಿದ್ದು ಓಟ ನಿಲ್ಲುತ್ತದೆ. ತೋಟದ ಯಜಮಾನರಿಗೆ ಕಳಿಸಲು ಪ್ರಾಜೆಕ್ಟ್ ಮ್ಯಾನೇಜರ್ ವಿಡಿಯೊ ಮಾಡಿಸುತ್ತಿದ್ದರು. "ಐದೇ ನಿಮಿಷ, ಅಣ್ಣ," ಎಂದು ಹಿಂದಿಯಲ್ಲಿ ಕೂಗಿದರು. ಅಣ್ಣ ಗಾಜನ್ನು ನೋಡಿದರು. ನನ್ನನ್ನು ನೋಡಿದರು.

"ಎಷ್ಟು ಬರೆದ್ರಿ?"

"ಕಾಲು."

"ಕಾಲುಂಟು. ಐದು ನಿಮಿಷ ಅಡ್ಡಿಲ್ಲ."

ಆಮೇಲೆ ಬೆಂಕಿ ಹೇಗಿದೆಯೆಂದು ನೋಡಲು ಅವರು ಒಲೆಯ ಬಾಗಿಲು ತೆರೆದರು. ಒಂದು ಮೊಟಕು ಸದ್ದು, ಅದರ ಹಿಂದೆಯೇ ಕಿವಿ ಮುಚ್ಚುವಂಥ ಭೋರ್ಗರೆತ. ಬಾಗಿಲಿನಿಂದ ಬಿಳಿ ಹಬೆ, ಬೂದಿ, ಕೆಂಡದ ಚೂರು ಹೊರಗೆ ಬಂದವು. ನೆತ್ತಿಯ ಪ್ಲಗ್ ಕರಗಿತ್ತು. ನಾನು ಎರಡು ಮೀಟರ್ ದೂರದಲ್ಲಿ ಪಕ್ಕಕ್ಕೆ ನಿಂತಿದ್ದೆ. ಅಣ್ಣ ಓಡಲಿಲ್ಲ. ಸಲಿಕೆಯಿಂದ ಒಲೆಯ ಬಾಗಿಲನ್ನು ತಳ್ಳಿ ಮುಚ್ಚಿದರು, ಹಬೆ ಹೊರಬಿಡುವ ವಾಲ್ವ್ ಪೂರ್ತಿ ತೆರೆದರು, ಆಮೇಲೆ ಕೆಳಗಿಳಿದರು. ಬಲಗೈ ಮೊಣಕೈಯಿಂದ ಬೆರಳಿನವರೆಗೆ ಬೆಂದಿತ್ತು. ಅದನ್ನು ಮುಂದೆ ಚಾಚಿ ಹಿಡಿದುಕೊಂಡೇ ಗಾಜಿನತ್ತ ತಿರುಗಿ ನೋಡಿದರು. ನಾನೂ ನೋಡಿದೆ. ಗಾಜಿನಲ್ಲಿ ಇನ್ನೂ ನೀರಿತ್ತು.

ಸೋಮವಾರ ಅವರು ಕೈಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಬಂದರು. ಇನ್ಶೂರೆನ್ಸ್‌ಗೆ ಒಂದು ಹೇಳಿಕೆ ಬೇಕಿತ್ತು. ಮ್ಯಾನೇಜರ್ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದವಳು ನಾನು. ಅಣ್ಣನಿಗೆ ಇಂಗ್ಲಿಷ್ ಓದಲು ಕಷ್ಟ. ಕನ್ನಡದಲ್ಲಿ ಹೇಳಿದವಳೂ ನಾನೇ.

"'ನೀರಿನ ಮಟ್ಟ ಅಪಾಯಕ್ಕೆ ಇಳಿದದ್ದನ್ನು ನಾನು ಗಮನಿಸಲಿಲ್ಲ' ಅಂತ ಇದೆ."

"ಗಮನಿಸಿದ್ದೇನಲ್ಲ ಮೇಡಂ. ಕಾಲಿತ್ತು. ನೀವೇ ಬರ್ಕೊಂಡಿದ್ದೀರಿ."

"ಬರ್ಕೊಂಡಿದ್ದೇನೆ. ಗಾಜಿನೊಳಗೆ ಏನೋ ಸಿಕ್ಕಿಕೊಂಡು ತಪ್ಪು ತೋರಿಸಿರಬೇಕು ಅಂತಾರೆ."

"ಎರಡು ಸಲ ತೊಳೆದಿದ್ದೇನೆ."

"ಅದನ್ನೂ ಬರೆದಿದ್ದೇನೆ."

"ಮತ್ತೆ?"

ನಾನು ಹಾಳೆಯನ್ನು ಅವರತ್ತ ಸರಿಸಿದೆ. ಅವರು ಅದನ್ನು ಹತ್ತಿರ ಎಳೆದುಕೊಂಡರು. "ಪ್ಲಗ್ ಸುಮ್ನೆ ಕರಗುದಿಲ್ಲ. ನೀರು ಹೋದದ್ದು ಸತ್ಯ. ನನ್ನ ಕಣ್ಣಿಗೇ ಏನೋ ಆಗಿರ್ಬೇಕು. ವಯಸ್ಸಾಯ್ತಲ್ಲ," ಎಂದರು. ಎಡಗೈಯಲ್ಲಿ ಸಹಿ ಹಾಕಿದರು. ಅಕ್ಷರಗಳು ಸೊಟ್ಟಗಾದವು. ನಾನು ಆ ಹಾಳೆಗೆ ಸಂಖ್ಯೆ ಕೊಟ್ಟು ಕಳಿಸಿದೆ. ಅವರ ವೀಸಾ ರದ್ದುಮಾಡಿ ಊರಿಗೆ ಕಳಿಸುವ ಕಾಗದ ಶುರುವಾಗಿದೆ ಎಂದು ಮರುದಿನ ಗೊತ್ತಾಯಿತು. ಹೊಸ ಪ್ಲಗ್ ಕೂರಿಸಿ, ಬೇರೆ ಆಪರೇಟರ್ ತರಿಸಿ, ಮುಂದಿನ ವಾರವೇ ಮತ್ತೆ ಹಬೆ ಎಬ್ಬಿಸುವುದೆಂದೂ ತೀರ್ಮಾನವಾಗಿತ್ತು.

ಆ ವಾರ ನನ್ನ ಮುಂದೆ ಉಳಿದಿದ್ದದ್ದು ಫಲಕದ ಬರಹ. ನಕ್ಷೆ ಕಳಿಸಿದ ಹಳೇ ಇಂಜಿನ್ ಆಸಕ್ತರ ಸಂಘದವರೇ, ಈ ಜಾತಿಯ ಇಂಜಿನ್‌ಗಳ ಬಗ್ಗೆ ಅವರ ಹಿರಿಯ ಸದಸ್ಯರೊಬ್ಬರು ಟೈಪ್ ಮಾಡಿಟ್ಟಿದ್ದ ಸುಮಾರು ನಲವತ್ತು ಪುಟವನ್ನೂ ಕಳಿಸಿದ್ದರು. ಅದರಿಂದ ಕುದುರೆ, ಚಕ್ರ ಮುಚ್ಚುವ ತಗಡು, ಕೋಕ್ ಇಷ್ಟನ್ನು ಆರಿಸಿಕೊಂಡು, ಬಾಯ್ಲರ್ ಎಂಬ ಶೀರ್ಷಿಕೆಯ ಪುಟಗಳನ್ನು ಯಾರಿಗೆ ಬೇಕು ಎಂದು ಬಿಟ್ಟಿದ್ದೆ. ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಅವನ್ನು ಓದಿದೆ.

ಆ ಪಟ್ಟಣದಲ್ಲಿ ಏರುಬೀದಿಗಳಿದ್ದವು. ಏರು ಹತ್ತುವಾಗ, ಇಳಿಯುವಾಗ ಬಾಯ್ಲರಿನ ನೀರು ಒಂದು ಬದಿಗೆ ಸರಿದು, ಮೊದಲ ಕಂತಿನ ಇಂಜಿನ್‌ಗಳಲ್ಲಿ ಒಲೆಯ ನೆತ್ತಿ ಬರಿದಾಗುತ್ತಿತ್ತು. ಸೀಸದ ಪ್ಲಗ್‌ಗಳು ಮೇಲಿಂದ ಮೇಲೆ ಕರಗಿದವು. ಮೊದಮೊದಲು ಟ್ರಾಮ್ ಕಂಪನಿ ಓಡಿಸುವವರಿಗೆ ದಂಡ ಹಾಕಿತು. ಇಬ್ಬರನ್ನು ಕೆಲಸದಿಂದ ತೆಗೆಯಿತು. ಕೊನೆಗೆ ತಯಾರಕರು ಒಪ್ಪಿಕೊಂಡು ಎರಡನೆಯ ಕಂತಿನಲ್ಲಿ ಒಲೆಯ ನೆತ್ತಿಯನ್ನೇ ತೊಂಬತ್ತು ಮಿಲಿಮೀಟರ್ ತಗ್ಗಿಸಿದರು. ಅದಕ್ಕೆ ತಕ್ಕಂತೆ ಗಾಜನ್ನೂ ಅಷ್ಟೇ ಕೆಳಗಿಳಿಸಿದರು. ಮೊದಲ ಕಂತಿನವನ್ನು ಸಪಾಟು ಬೀದಿಗಳಿಗೆ ಮಾತ್ರ ಇಟ್ಟುಕೊಂಡು ಹಾಗೆಯೇ ಬಿಟ್ಟರು. ವಿದ್ಯುತ್ ಟ್ರಾಮ್ ಬಂದ ಮೇಲೆ ಎಲ್ಲವೂ ಗುಜರಿಗೆ ಹೋದವು. ಒಂದನ್ನು ಮಾತ್ರ ಒಂದು ಇಟ್ಟಿಗೆ ಕಾರ್ಖಾನೆ ಕೊಂಡಿತು. ಅದು ಮೊದಲ ಕಂತಿನದು. ಅದರ ಚೌಕಟ್ಟಿನ ಸಂಖ್ಯೆಯನ್ನೂ ಆ ಹಿರಿಯರು ಬರೆದಿದ್ದರು. ಆ ಸಂಖ್ಯೆ ನನಗೆ ಬಾಯಿಪಾಠವಿತ್ತು. ನಮ್ಮ ಪ್ರತಿ ಕಡತದ ಮೇಲೂ ಅದನ್ನು ಹಾಕಿದವಳು ನಾನು.

ಹೊಸ ನಕ್ಷೆ ಹಳೆಯದರ ತಿದ್ದುಪಡಿಯಾಗಿರಲಿಲ್ಲ. ಅದು ಬೇರೆ ಒಲೆಗೆ ಬರೆದ ಬೇರೆ ನಕ್ಷೆ. ಎರಡೂ ಚಾಲ್ತಿಯಲ್ಲಿರಬೇಕಾಗಿದ್ದ ನಕ್ಷೆಗಳು.

ಶೆಡ್ಡಿಗೆ ಹೋಗಿ ಫೋರ್‌ಮನ್‌ಗೆ ಹೇಳಿದೆ. ಅವರು ನಗಲಿಲ್ಲ. "ಮಾತು ಬೇಡ ಅಕ್ಕ. ನೋಡಿಯೇ ಬಿಡುವ," ಎಂದರು. ಕರಗಿದ ಪ್ಲಗ್ ಬಿಚ್ಚಿ ತೆಗೆದದ್ದರಿಂದ ನೆತ್ತಿಯ ತೂತು ಖಾಲಿಯಿತ್ತು. ಅವರ ಯೋಚನೆ ಸರಳ. ಖಾಲಿ ಮಾಡಿದ ಬಾಯ್ಲರಿಗೆ ಹೋಸ್‌ನಿಂದ ನಿಧಾನ ನೀರು ಬಿಡುವುದು. ನೀರು ನೆತ್ತಿಯನ್ನು ಮುಟ್ಟಿದ ಕ್ಷಣ ಆ ತೂತಿನಿಂದ ಒಲೆಯೊಳಗೆ ಹನಿ ಬೀಳುತ್ತದೆ. ಗಾಜು ಸರಿಯಾದ ಎತ್ತರದಲ್ಲಿದ್ದರೆ ಆಗ ಅದರಲ್ಲಿ ಏನೂ ಕಾಣಬಾರದು.

ಅವರು ಟಾರ್ಚ್ ಹಿಡಿದು ಒಲೆಯ ಬಾಗಿಲಲ್ಲಿ ತಲೆಯಿಟ್ಟರು. ನಾನು ಗಾಜಿನ ಮುಂದೆ ಕೂತೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗಾಜಿನ ಬುಡದಲ್ಲಿ ನೀರು ಕಾಣಿಸಿಕೊಂಡಿತು.

"ಬಂತಾ ಹನಿ?"

"ಇಲ್ಲ. ಒಣಗಿ ಉಂಟು."

ನೀರು ಗಾಜಿನಲ್ಲಿ ಏರುತ್ತ ಹೋಯಿತು. ಕಾಲುಭಾಗ ಮುಟ್ಟಿತು.

"ಈಗ?"

"ಇಲ್ಲ ಅಕ್ಕಾ."

ಮೂರನೇ ಒಂದು ಭಾಗಕ್ಕೆ ಬಂದಾಗ ಒಳಗಿನಿಂದ ಅವರ ದನಿ ಬಂತು. "ಬಿತ್ತು. ಬಿತ್ತು, ನಿಲ್ಲಿಸಿ." ಹೊರಬಂದು ಗಾಜು ನೋಡಿ, ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕೆಳಗಿಟ್ಟರು. "ಯಾ ಅಲ್ಲಾ. ಅಣ್ಣ ಕಾಲುಂಟು ಅಂದಾಗ ನೆತ್ತಿ ಬರಿದೇ ಇತ್ತು. ಅವರು ನೋಡಿದ್ದು ಸರಿ."

ಗಾಜಿನ ಆ ಸ್ಥಿತಿಯ ಫೋಟೊ ತೆಗೆದು ಮ್ಯಾನೇಜರ್ ಬಳಿ ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿದರು, ಹೊಸ ಆಪರೇಟರ್ ಬರುವುದನ್ನು ಅಲ್ಲೇ ಫೋನ್ ಮಾಡಿ ನಿಲ್ಲಿಸಿದರು. ಆಮೇಲೆ ಅಂದರು, "ಹಳೇ ನಕ್ಷೆಗೆ ಹೊಸ ಸಂಖ್ಯೆ ಕೊಡಿ. ತೂತು ಮುಚ್ಚಿ ಮೇಲೆ ಮಾಡೋಣ. ಖಲಾಸ್. ಹೇಳಿಕೆ ಹೋಗಿಯಾಗಿದೆ, ಅದನ್ನು ಎಬ್ಬಿಸಬೇಡಿ."

"ಆ ಹೇಳಿಕೆ ಸುಳ್ಳಾಯಿತಲ್ಲ ಸರ್."

"ಅವರಿಗೆ ವಯಸ್ಸಾಗಿದೆ. ಈ ಸಲ ವೀಸಾ ಹೇಗೂ ಕಷ್ಟವಿತ್ತು. ಮರ್ಯಾದೆಯಿಂದ ಕಳಿಸೋಣ. ನೀವೂ ಯೋಚನೆ ಮಾಡಿ, ತಪ್ಪು ನಿಮ್ಮ ಮೇಜಿನಿಂದ ಹೊರಟದ್ದು."

ಯೋಚನೆ ಮಾಡಿದೆ. ಆ ರಾತ್ರಿ ಅಲ್ ನಹ್ದಾದ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. "ಅಮ್ಮಾ, ಆರ್ ಯೂ ಇನ್ ಟ್ರಬಲ್?" ಎಂದಳು ಮಗಳು. "ಇನ್ನೂ ಇಲ್ಲ," ಎಂದೆ. ಒಂದು ವಿಷಯ ಮಾತ್ರ ಸ್ಪಷ್ಟವಿತ್ತು. ತೂತುಗಳು ಸದ್ದಿಲ್ಲದೆ ಮೇಲೆ ಹೋದರೆ, ಕಾಗದದಲ್ಲಿ ಉಳಿಯುವುದು ಕಣ್ಣು ಮಂಜಾದ ಒಬ್ಬ ಮುದುಕ. ಅವರೂ ಅದನ್ನೇ ನಂಬಿಕೊಂಡು ಊರಿಗೆ ಹೋಗುತ್ತಾರೆ.

ನನ್ನ ಸಂಖ್ಯೆಯಿಲ್ಲದೆ ಯಾವ ನಕ್ಷೆಯೂ ಕೆಲಸಕ್ಕೆ ಹೋಗುವಂತಿಲ್ಲ. ನನ್ನ ಕೈಯಲ್ಲಿದ್ದ ಬಲ ಅಷ್ಟೇ. ಬೆಳಿಗ್ಗೆ ಎರಡು ಪುಟದ ವರದಿ ಬರೆದು ಮ್ಯಾನೇಜರ್ ಮುಂದಿಟ್ಟೆ: ಎರಡು ನಕ್ಷೆಗಳು ಯಾವಾಗ ಬಂದವು, ಫೋರ್‌ಮನ್ ಏನು ಕೇಳಿದರು, ನಾನು ಏನೆಂದೆ, ಗುರುವಾರದ ದಾಖಲೆ, ಹನಿ ಬಿದ್ದಾಗಿನ ಫೋಟೊ. ಮೊದಲ ಸಾಲಿನಲ್ಲಿ ನನ್ನ ಹೆಸರು. "ಇದು ಇನ್ಶೂರೆನ್ಸ್‌ಗೂ ಯಜಮಾನರಿಗೂ ಹೋದ ಮೇಲೆ ನಕ್ಷೆಗೆ ಸಂಖ್ಯೆ ಕೊಡುತ್ತೇನೆ ಸರ್. ಇಲ್ಲದಿದ್ದರೆ ಆ ಕೆಲಸ ಬೇರೆಯವರಿಂದ ಮಾಡಿಸಿ."

ವರದಿ ಎರಡು ದಿನ ಅವರ ಮೇಜಿನ ಮೇಲೇ ಇತ್ತು. ಮೂರನೆಯ ದಿನ ವರದಿ ಹೋಯಿತು. ಅದರ ಹಿಂದೆಯೇ ನನಗೊಂದು ಎಚ್ಚರಿಕೆ ಪತ್ರ ಬಂತು. ನ್ಯಾಯವಾದದ್ದೇ. ಸಹಿ ಹಾಕಿದೆ. ಅಣ್ಣನ ವೀಸಾ ರದ್ದಿನ ಕಾಗದ ನಿಂತಿತು.

ಅವರ ಕೋಣೆಗೆ ಫೋರ್‌ಮನ್ ಮತ್ತು ನಾನು ಮುಂದಿನ ವಾರದ ಶುಕ್ರವಾರ ಸಂಜೆ ಹೋದೆವು. ವರದಿಯನ್ನು ಕನ್ನಡದಲ್ಲಿ ಪೂರ್ತಿ ಹೇಳಿದೆ. ಮುಗಿದ ಮೇಲೆ ಅಣ್ಣ ಕೇಳಿದರು, "ಅಂದ್ರೆ ನನ್ನ ಕಣ್ಣಿಗೆ ಏನೂ ಆಗ್ಲಿಲ್ಲ?"

"ಇಲ್ಲ ಅಣ್ಣ. ತಪ್ಪು ನನ್ನದು."

"ಹತ್ತು ದಿನದಿಂದ ಬಸ್ಸಿನ ನಂಬರ್ ಎರಡೆರಡು ಸಲ ಓದ್ತಾ ಇದ್ದೆ ನಾನು," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಫೋರ್‌ಮನ್ ನಡುವೆ ಬಾಯಿ ಹಾಕಿದರು: "ಅಣ್ಣ, ಮ್ಯಾನೇಜರ್ ನಿಮ್ಮನ್ನೇ ಕರೀಲಿಕ್ಕೆ ಹೇಳಿದ್ದಾರೆ. ಬರ್ತೀರಾ ಇಲ್ವಾ?"

"ಬರ್ತೇನೆ. ಆದ್ರೆ ಬಾಯ್ಲರಿಗೆ ಎರಡು ಸಣ್ಣ ನಲ್ಲಿ ಹಾಕು. ನಮ್ಮ ಹಂಚಿನ ಕಾರ್ಖಾನೆಯಲ್ಲಿ ಇತ್ತು. ಒಂದು ನೆತ್ತಿಗಿಂತ ಎರಡು ಇಂಚು ಮೇಲೆ, ಒಂದು ನಾಲ್ಕು ಇಂಚು. ತಿರುಗಿಸಿದ್ರೆ ನೀರು ಬರ್ತದಾ, ಹಬೆ ಬರ್ತದಾ ಅಂತ ಕಣ್ಣಿಗೇ ಕಾಣ್ಬೇಕು. ಅಳತೆ ಕಾಗದ ನೋಡಿ ಅಲ್ಲ. ಒಲೆಯೊಳಗೆ ಕೈಹಾಕಿ ನೆತ್ತಿ ಮುಟ್ಟಿ ತೆಗೀಬೇಕು."

ಹಾಗೆಯೇ ಮಾಡಿದರು. ಗಾಜು ತೊಂಬತ್ತು ಮಿಲಿಮೀಟರ್ ಮೇಲೆ ಹೋಯಿತು, ಪಕ್ಕದಲ್ಲಿ ಎರಡು ಹಿತ್ತಾಳೆ ನಲ್ಲಿ ಬಂದವು. ಪರೀಕ್ಷಕರು ಮತ್ತೆ ಬಂದು, ಈ ಸಲ ಒಲೆಯೊಳಗಿನಿಂದಲೇ ಅಳೆದು ಹೋದರು. ಅಣ್ಣನ ಕೈ ವಾಸಿಯಾಗಲು ಹಿಡಿದಷ್ಟು ದಿನ ಎಲ್ಲರೂ ಕಾದೆವು. ಮ್ಯಾನೇಜರ್ ಕೂಡ ಕಾದರು, ಯಜಮಾನರಿಗೆ ಅವರೇ ಸಮಜಾಯಿಷಿ ಹೇಳಿದರು.

ಎರಡನೆಯ ಸಲ ಹಬೆ ಎಬ್ಬಿಸಿದ ಬೆಳಿಗ್ಗೆ ಬರೆದುಕೊಳ್ಳಲು ಬೇರೆಯವರನ್ನು ಕಳಿಸುತ್ತೇವೆ ಎಂದಿದ್ದರು. ನಾನೇ ಹೋಗುತ್ತೇನೆಂದು ಕೇಳಿಕೊಂಡೆ. ಅಣ್ಣ ಬೇಡ ಎನ್ನಲಿಲ್ಲ. ಹೊಸ ಚರ್ಮ ಬಂದ ಕೈಗೆ ಉದ್ದ ತೋಳಿನ ಅಂಗಿ ಹಾಕಿದ್ದರು. ಒಲೆಯ ಬಾಗಿಲನ್ನು ಎಡಗೈಯಲ್ಲಿ, ಪಕ್ಕಕ್ಕೆ ಸರಿದು ನಿಂತು ತೆರೆಯುತ್ತಿದ್ದರು.

ಮೊದಲ ಹತ್ತು ನಿಮಿಷವಾಯಿತು. ಗಾಜು ಸ್ಪಷ್ಟವಾಗಿ ಕಾಣುತ್ತಿತ್ತು. "ಮುಕ್ಕಾಲು," ಎಂದು ನಾನು ಪೆನ್ನು ಇಳಿಸಿದೆ.

"ತಡೀರಿ ಮೇಡಂ."

ಅವರು ಕೆಳಗಿನ ನಲ್ಲಿ ತಿರುಗಿಸಿದರು. ನೀರು ಬಂತು. ಮೇಲಿನದನ್ನು ತಿರುಗಿಸಿದರು. ಅಲ್ಲಿಯೂ ನೀರು ಬಂತು. ಎರಡನ್ನೂ ಮುಚ್ಚಿದರು.

"ಈಗ ಬರೀರಿ."

ಮಧ್ಯಾಹ್ನದವರೆಗೆ ಪ್ರತಿ ಹತ್ತು ನಿಮಿಷಕ್ಕೂ ಹಾಗೆಯೇ ಮಾಡಿದರು. ಗಾಜಿನಲ್ಲಿ ಎಷ್ಟಿದೆ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ.